ಬೆನಿತಾ ಬಿಚ್ಚಿದ ನಡುಪಟ್ಟಿ

ನಮ್ಮೂರಿನ ಆರೋಗ್ಯ ಕೇಂದ್ರದ ಹಿಂದೆ ಮಣ್ಣಿನ ಗೋಡೆಯ ಒಂದು ಮನೆಯಿದೆ. ಮೇಲಿನ ಬೆಟ್ಟಗಳಲ್ಲಿ ಉಣ್ಣೆಗಾಗಿ ಅಲ್ಪಾಕಾ ಮೇಯಿಸಿಕೊಂಡಿರುವ ಹೆಂಗಸರು ದಿನ ತುಂಬುತ್ತಿದ್ದಂತೆ ಇಳಿದು ಬಂದು, ನೋವು ಕಾಣಿಸಿಕೊಳ್ಳುವವರೆಗೆ ಅಲ್ಲಿ ಕಾಯುತ್ತಾರೆ. ಕಾಯುವ ಮನೆ ಎಂದೇ ಅದಕ್ಕೆ ಹೆಸರು. ಅದರ ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಯಾಕೆಂದರೆ ನನ್ನ ಅಡುಗೆಮನೆಗೂ ಅದಕ್ಕೂ ನಡುವೆ ಇರುವುದು ಒಂದೇ ಗೋಡೆ. ನಾನು ತೊಮಾಸಾ, ಕೇಂದ್ರದ ಗೇಟಿನ ಹತ್ತಿರ ಸೂಪು ಮಾರುವವಳು. ಬಾಯಿ ಜೋರು ಎಂದು ಹೆಸರು ಮಾಡಿದ್ದೇನೆ. ಗಂಡ ಹೋದ ಮೇಲೆ ಮನೆಯಲ್ಲಿ ಜಗಳಕ್ಕೆ ಯಾರೂ ಉಳಿಯಲಿಲ್ಲ, ಹಾಗಾಗಿ ಎಲ್ಲವನ್ನೂ ಗಿರಾಕಿಗಳ ಮೇಲೆ ತೀರಿಸಿಕೊಳ್ಳುತ್ತೇನೆ.

ಬೆನಿತಾ ಬಂದದ್ದು ಭಾನುವಾರ, ಸಂತೆಯ ಲಾರಿಯಲ್ಲಿ. ಆಲೂಗಡ್ಡೆ ಮೂಟೆಗಳ ನಡುವಿನಿಂದ ಮೊದಲು ಒಂದು ಕುರಿ ಚರ್ಮದ ಸುರುಳಿ ಕೆಳಗೆ ಬಿತ್ತು, ಆಮೇಲೆ ಒಂದು ಚೀಲ, ಆಮೇಲೆ ಕಂಕುಳಲ್ಲಿ ಕಪ್ಪು ಕೋಳಿ ಇಟ್ಟುಕೊಂಡ ಅವಳು ಇಳಿದಳು. ಹೊಟ್ಟೆ ಮೂಗಿಗೆ ಬಂದಿತ್ತು. ಅವಳ ಹಿಂದೆ ಇನ್ನು ಯಾರಾದರೂ ಇಳಿಯುತ್ತಾರೇನೋ ಎಂದು ನಾನು ಲಾರಿ ಹೊರಡುವವರೆಗೂ ನೋಡಿದೆ.

"ಜೊತೆಗೆ ಯಾರು ಬಂದವ್ರೆ?" ಎಂದೆ.

"ಕೋಳಿ" ಎಂದಳು.

"ಕೋಳಿ ಸೂಪಿಗೆ ಬಂತು, ಜೊತೆಗಲ್ಲ. ಗಂಡ ಎಲ್ಲಿ?"

"ಕಾಡಿನ ಕಡೆ ಹೊಳೇಲಿ ಚಿನ್ನ ತೊಳಿಯಕ್ಕೆ ಹೋಗವ್ನೆ. ಹೆರಿಗೆ ಹೊತ್ತಿಗೆ ಬತ್ತೀನಿ ಅಂದವ್ನೆ."

"ಅವ್ವ?"

"ಇಲ್ಲ."

"ಅತ್ತೆ?"

ಅವಳು ಕೋಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ದಾಟಿಸಿದಳು. "ಮೇಲೆ ಕುಂತ್ಕೊಂಡು ನಡುಪಟ್ಟಿ ನೇಯ್ತಾವ್ಳೆ. ಮುಗಿದ ಮೇಲೆ ತತ್ತಾಳೆ."

ಸರಿ, ನಡುಪಟ್ಟಿಯೊಂದು ಗಟ್ಟಿಯಾಯಿತಲ್ಲ ಎಂದುಕೊಂಡೆ. ಮಗು ಹೊರಗೆ ಬಂದ ತಕ್ಷಣ ಬಾಣಂತಿಯ ನಡುವಿಗೆ ನೇಯ್ದ ಪಟ್ಟಿ ಬಿಗಿದು ಕಟ್ಟದಿದ್ದರೆ ಒಳಗೆ ಥಂಡಿ ಹೊಕ್ಕುತ್ತದೆ, ಗರ್ಭ ತನ್ನ ಜಾಗ ಮರೆಯುತ್ತದೆ. ಆ ಪಟ್ಟಿಯನ್ನು ನಮ್ಮಲ್ಲಿ ಬಸುರಿಯೇ ನೇಯುವಂತಿಲ್ಲ. ನೇಯುವುದಿರಲಿ, ನೂಲುವಂತೆಯೂ ಇಲ್ಲ, ಉಂಡೆ ಸುತ್ತುವಂತೆಯೂ ಇಲ್ಲ. ಕೈಯಲ್ಲಿ ನೂಲು ಸುತ್ತಿದ ಹಾಗೆ ಒಳಗೆ ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಅವ್ವನೋ ಅಕ್ಕನೋ ಅತ್ತೆಯೋ, ಒಟ್ಟಿನಲ್ಲಿ ತನ್ನವರು ಎನ್ನಿಸಿಕೊಂಡವರು ನೇಯ್ದು ಕೊಡಬೇಕು. ನಾವೋ ಕುರಿ ಹಿಂದೆ ನಡೆಯುವಾಗಲೂ ತಕಲಿ ಬಿಡದ ಜಾತಿ. ಹಾಗಾಗಿ ಕಾಯುವ ಮನೆಯ ಬಸುರಿಯರನ್ನು ನೋಡಿದರೆ ಪಾಪ ಎನ್ನಿಸುತ್ತದೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಾರೆ.

ಹೆರಿಗೆ ಮಾಡಿಸುವ ನರ್ಸಮ್ಮ ಯೊಲಾಂದಾ ಸಮುದ್ರದ ಕಡೆಯವಳು. ಮೊದಲ ಸಲ ಇಲ್ಲಿಗೆ ಬಂದಾಗ ಈ ಎತ್ತರದ ಗಾಳಿಗೆ ತಲೆನೋವು ಬಂದು, ಏದುಸಿರು ಬಿಡುತ್ತಾ ನನ್ನ ಬೆಂಚಿನ ಮೇಲೆ ಮಲಗಿದವಳು. ಈಗ ಅವಳೇ ಬೆಳಗಿನ ಬಿಸಿಲಿನಲ್ಲಿ ಬಸುರಿಯರನ್ನು ಹುಲ್ಲಿನ ಮೇಲೆ ಕೂರಿಸಿ ಉಸಿರಾಡುವುದನ್ನು ಕಲಿಸುತ್ತಾಳೆ.

"ಉಸಿರಾಡಕ್ಕೆ ನಮಗೆ ನೀನು ಹೇಳ್ಕೊಡ್ತೀಯಾ?" ಎಂದು ನಾನು ಗೇಟಿನಿಂದಲೇ ಕೂಗುತ್ತಿದ್ದೆ.

"ನೀವೂ ಬನ್ನಿ ತೊಮಾಸಮ್ಮ, ನಿಮ್ಮ ಕೋಪಕ್ಕೂ ಒಳ್ಳೇದು" ಎಂದು ಅವಳೂ ಕೂಗುತ್ತಿದ್ದಳು.

ಒಳ್ಳೆಯ ಹುಡುಗಿ. ಹೆರಿಗೆ ಕೋಣೆಯಲ್ಲಿ ತೊಲೆಗೆ ಹಗ್ಗ ಕಟ್ಟಿಸಿದವಳು, ನೆಲಕ್ಕೆ ಕುರಿ ಚರ್ಮ ಹಾಸಬಹುದು ಎಂದವಳು ಅವಳೇ. ನಾವು ಕುಕ್ಕರಗಾಲಲ್ಲಿ ಹೆರುವವರು. ಹಗ್ಗ ಹಿಡಿದು ಕೂತವಳ ಹಿಂದೆ ಒಬ್ಬರು ಕೂತು, ಮೊಣಕಾಲನ್ನು ಅವಳ ಸೊಂಟಕ್ಕೆ ಒತ್ತಿ, ಕಂಕುಳಡಿ ಕೈ ಹಾಕಿ ತಬ್ಬಿ ಹಿಡಿಯಬೇಕು. ಅದು ಗಂಡನ ಜಾಗ. ಗಂಡನಿಲ್ಲದಿದ್ದರೆ ಅವ್ವನ ಜಾಗ. "ನೋವು ಬರಲಿ, ಹೆದರಿಕೆ ಬೇಡ. ಹೆದರಿದರೆ ಮೈ ಮುಚ್ಚಿಕೊಳ್ಳುತ್ತೆ" ಎಂದು ಯೊಲಾಂದಾ ದಿನಾ ಹೇಳುತ್ತಿದ್ದಳು. ಬೇರೆಯವರು ನಗುತ್ತಿದ್ದರು. ಬೆನಿತಾ ಮಾತ್ರ ಬಾಯಿಪಾಠ ಮಾಡುವವಳ ಹಾಗೆ ತುಟಿ ಆಡಿಸುತ್ತಿದ್ದಳು. ಕುರಿ ಚರ್ಮವನ್ನು ತೊಳೆದು ಬಿಸಿಲಿಗೆ ಹಾಕಿದಳು. ಹೆರಿಗೆ ಹೊತ್ತಿನ ಕಷಾಯಕ್ಕೆಂದು ಮುಞ್ಞಾ ಸೊಪ್ಪನ್ನು ಕಟ್ಟು ಕಟ್ಟಿ ಒಣಗಿಸಿ, ಒಂದೊಂದನ್ನೂ ಮೂಸಿ ನೋಡಿ ಎತ್ತಿಟ್ಟಳು. ಹೆರಿಗೆಗೆ ಅಷ್ಟು ಶ್ರದ್ಧೆಯಿಂದ ತಯಾರಾದವಳನ್ನು ನಾನು ಕಂಡಿಲ್ಲ.

ನಸುಕಿನಲ್ಲಿ ಅವಳು ನನ್ನ ಅಡುಗೆಮನೆಗೆ ಬರುತ್ತಿದ್ದಳು, ರೇಡಿಯೋ ಕೇಳುವುದಕ್ಕೆ. ನಮ್ಮ ಕಡೆ ಫೋನು ಹಿಡಿಯುವ ಗುಡ್ಡಕ್ಕಿಂತ ಹಿಡಿಯದ ಗುಡ್ಡಗಳೇ ಹೆಚ್ಚು. ಅದಕ್ಕೆ ಸುದ್ದಿಗೆ ಮೊದಲು ರೇಡಿಯೋದವರು ಜನರ ಸಂದೇಶ ಓದುತ್ತಾರೆ. ಯಾರಿಗೆ, ಯಾರಿಂದ, ಇವರಿಗೆ ಅವರು ಏನಾಗಬೇಕು, ಎಲ್ಲವನ್ನೂ ಹೇಳಿ, ಗಾಳಿಯಲ್ಲಿ ಹಾರಿ ಹೋಗಬಾರದೆಂದು ಎರಡೆರಡು ಸಲ ಓದುತ್ತಾರೆ. ತಮ್ಮನಿಗೆ ಅಣ್ಣನಿಂದ: ಹಸು ಈದಿದೆ, ಬಾ. ಹೆಂಡತಿಗೆ ಗಂಡನಿಂದ: ಹಬ್ಬಕ್ಕೆ ಬರಲಾಗುವುದಿಲ್ಲ. ಬೆನಿತಾ ಒಲೆಯ ಪಕ್ಕದಲ್ಲಿ ನಾನು ಸಾಕಿದ ಪುಟ್ಟ ಗಿನಿ ಹಂದಿಗಳಿಗೆ ಹುಲ್ಲು ಹಾಕುತ್ತಾ, ಕೊನೆಯ ಸಂದೇಶದ ಎರಡನೇ ಓದು ಮುಗಿಯುವವರೆಗೆ ಮಾತಾಡುತ್ತಿರಲಿಲ್ಲ.

"ನಾಳೆ" ಎಂದು ಎದ್ದು ಹೋಗುತ್ತಿದ್ದಳು.

ಒಂದು ದಿನ ನಾನು ತಡೆಯಲಾರದೆ, "ನಿನ್ನ ಹಿಲಾರಿಯೊಗೆ ಚಿನ್ನದ ಜೊತೆ ನಾಲ್ಗೇನೂ ತೊಳ್ದು ಹೋಯ್ತೇನೋ" ಎಂದುಬಿಟ್ಟೆ. ಅವಳು ನಗಲಿಲ್ಲ. ಗಿನಿ ಹಂದಿಗಳಿಗೆ ಇನ್ನೊಂದು ಹಿಡಿ ಹುಲ್ಲು ಹಾಕಿ ತಾನಾಗಿಯೇ ಹೇಳಿದಳು.

"ನಮ್ಮವ್ವ ಹೆರೋವಾಗ ಅಪ್ಪ ಊರಲ್ಲಿರ್ಲಿಲ್ಲ. ಹಿಂದೆ ಕುಂತ್ಕಂಡಿದ್ದು ನಾನು. ನನಗಿನ್ನೂ ಹಾಲು ಹಲ್ಲು ಬಿದ್ದಿರ್ಲಿಲ್ಲ ಅಕ್ಕ. ಅವ್ವ ಭಾರ ಬಿಟ್ಟಂಗೆಲ್ಲ ನಾನು ಗೋಡೆಗೆ ಹೋಗಿ ಒತ್ಕಂಡೆ. ಅವ್ಳು ಹೆದರಿದ್ಲು. ಮುಖ ನೋಡಿಲ್ಲ ನಾನು, ಬೆನ್ನಿಂದಾನೇ ಗೊತ್ತಾಯ್ತು. ಕೂಸೂ ಉಳೀಲಿಲ್ಲ, ಅವಳೂ ಉಳೀಲಿಲ್ಲ."

ನಾನು ಸೌಟು ಆಡಿಸುವುದನ್ನು ನಿಲ್ಲಿಸಿದೆ.

"ನಾನು ಹೆದರದೆ ಹೆರಬೇಕು. ಅಷ್ಟೇ" ಎಂದಳು.

ನಾನು ಎರಡು ಹೆತ್ತವಳು. ಎರಡಕ್ಕೂ ನನ್ನವ್ವ ಹಿಂದೆ ಕೂತಿದ್ದಳು. ಆ ಮಕ್ಕಳು ಉಳಿಯಲಿಲ್ಲ, ಆದರೆ ಹೆರುವ ಹೊತ್ತಿನಲ್ಲಿ ಬೆನ್ನಿಗೆ ತಾಗಿದ್ದ ಅವ್ವನ ಎದೆಯ ಬಿಸಿ ಇನ್ನೂ ನೆನಪಿದೆ. ಬೆನಿತಾ ಹೇಳಿದ್ದು ನನಗೆ ಅರ್ಥವಾಯಿತು. ಸಂಕಟವೂ ಆಯಿತು. ಆದರೆ ಗಂಡ ಬರುತ್ತಾನೆ ಎಂದು ಅಷ್ಟು ಗಟ್ಟಿಯಾಗಿ ನಂಬಿದವಳ ಎದುರು ಬರದಿದ್ದರೆ ಎನ್ನುವ ಮಾತು ಎತ್ತುವುದು ಹೇಗೆ?

ಆ ವಾರ ಕಾಯುವ ಮನೆಗೆ ದೊಮಿತಿಲಾ ಎನ್ನುವ ಇನ್ನೊಬ್ಬಳು ಬಂದಳು. ಬಂದದ್ದು ಅವಳೊಬ್ಬಳಲ್ಲ, ಗಂಡ, ಅವ್ವ, ಅತ್ತೆ, ಒಂದು ನಾಯಿ. ಅತ್ತೆಯ ತೊಡೆಯ ಮೇಲೆ ಬಣ್ಣಬಣ್ಣದ ನಡುಪಟ್ಟಿ, ಇನ್ನು ಒಂದು ಗೇಣು ನೇಯ್ದರೆ ಮುಗಿಯಿತು. ಆ ಮುದುಕಿಗೆ ಬಾಯಲ್ಲಿ ನನ್ನನ್ನೂ ಮೀರಿಸುವ ಶಕ್ತಿ.

"ನಿಂದು ಯಾರು ನೇಯ್ತಾವ್ರೆ ಹುಡುಗಿ?"

"ನಮ್ಮತ್ತೆ."

"ಯಾವಾಗ ತತ್ತಾಳೆ, ಕೂಸು ಮದುವೆಗೆ ಬಂದಾಗಲಾ?"

ಎಲ್ಲರೂ ನಕ್ಕರು. ಬೆನಿತಾಳೂ ನಕ್ಕಳು, ಆ ನಗೆ ನೋಡುವುದಕ್ಕೆ ಚೆನ್ನಾಗಿರಲಿಲ್ಲ. ದೊಮಿತಿಲಾ ಸುಸೂತ್ರವಾಗಿ ಗಂಡು ಹೆತ್ತು, ಅಷ್ಟೂ ಜನ ಸೇರಿ ಅವಳನ್ನು ಹೊತ್ತುಕೊಂಡೇ ಹೋದರೇನೋ ಎನ್ನುವ ಹಾಗೆ ಹೋದರು. ಬೇರೆ ಬಸುರಿಯರು ಆಗಲೇ ಹೆತ್ತು ಹೋಗಿದ್ದರಿಂದ ಮನೆಯಲ್ಲಿ ಉಳಿದದ್ದು ಬೆನಿತಾ ಮತ್ತು ಅವಳ ಕೋಳಿ.

ಆಮೇಲೆ ಹಗಲು ಹೊತ್ತು ಗೋಡೆಯಾಚೆಯಿಂದ ಟಕ್ ಟಕ್ ಎನ್ನುವ ಸದ್ದು ಕೇಳತೊಡಗಿತು. "ಏನೇ ಅದು?" ಎಂದರೆ "ಜೋಳ ಕುಟ್ತಿದ್ದೆ" ಎಂದಳು. ಅವಳ ಹತ್ತಿರ ಜೋಳ ಎಲ್ಲಿತ್ತು? ನನಗೆ ಹೊಳೆಯಲಿಲ್ಲ. ಒಂಟಿ ಹೆಣ್ಣು ಏನಾದರೂ ಸದ್ದು ಮಾಡಿಕೊಂಡಿರಲಿ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಗೋಡೆಯಾಚೆ ಯಾರೋ ಇದ್ದಾರೆ ಎನ್ನುವುದೇ ನನಗೆ ಹಿತವಾಗಿತ್ತು.

ಹಿಮ ಬೀಳುವ ದಿನಗಳು. ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುವುದಕ್ಕೆಂದು ಹೊರಗೆ ಹುಲ್ಲಿನ ಮೇಲೆ ಜನ ಆಲೂಗಡ್ಡೆ ಹರವಿ ಹೆಪ್ಪುಗಟ್ಟಲು ಬಿಟ್ಟಿದ್ದರು. ಒಂದು ನಸುಕಿನಲ್ಲಿ ಸಂದೇಶಗಳೆಲ್ಲ ಮುಗಿದರೂ ಬೆನಿತಾ ಬರಲಿಲ್ಲ. ಹೋಗಿ ನೋಡಿದರೆ ಕಂಬ ಹಿಡಿದು ನಿಂತಿದ್ದಾಳೆ, ಕಣ್ಣು ಮುಚ್ಚಿ, ಕಲಿಸಿಕೊಟ್ಟ ಹಾಗೆಯೇ ಉಸಿರು ಬಿಡುತ್ತಿದ್ದಾಳೆ.

"ಶುರುವಾಗೈತೆ" ಎಂದಳು, ಮನೆಗೆ ನೆಂಟರು ಬಂದರು ಎನ್ನುವಷ್ಟು ಸಲೀಸಾಗಿ.

ಯೊಲಾಂದಾ ಬಂದು ನೋಡಿ ಖುಷಿಯಾದಳು. ಹೆರಿಗೆ ಕೋಣೆಯ ಒಲೆ ಹಚ್ಚಿದೆವು, ಕಿಟಕಿಗೆ ಕಂಬಳಿ ಕಟ್ಟಿದೆವು, ಸೊಪ್ಪಿನ ಕಷಾಯ ಕುದಿಯಿತು. ಬೆನಿತಾ ನಡೆದಳು, ನಿಂತಳು, ಮತ್ತೆ ನಡೆದಳು. ಒಂದು ಸಲವೂ ಅಯ್ಯೋ ಎನ್ನಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನೋವುಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು.

ಆಗ ಅವಳು ನನ್ನನ್ನು ಕೇಳಿದಳು. "ಅಕ್ಕ, ಬೆಳಿಗ್ಗೆ ರೇಡಿಯೋದಲ್ಲಿ ಏನಾದ್ರೂ ಬಂತಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. "ಇಲ್ಲ" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ನೋವು ದೂರ ದೂರವಾಗುತ್ತಾ ಬಂತು, ಬಂದದ್ದೂ ಹುಸಿಯಾಯಿತು, ಕೊನೆಗೆ ನಿಂತೇಹೋಯಿತು. ಯೊಲಾಂದಾ ನಡೆಸಿದಳು, ಬಿಸಿ ಕುಡಿಸಿದಳು, ಸೊಂಟ ತಿಕ್ಕಿದಳು. ಬೆನಿತಾಳ ಕೈ ಹಿಡಿದರೆ ತಣ್ಣಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

"ನನ್ನ ಹಾಸಿಗೆ ಕೆಳಗೆ ಐತೆ, ತತ್ತೀರಾ" ಎಂದಳು.

ಹೋಗಿ ಹಾಸಿಗೆ ಎತ್ತಿದೆ. ನಡುಪಟ್ಟಿ. ಕೆಂಪು ನೆಲದ ಮೇಲೆ ಬಿಳಿ ಹಕ್ಕಿಗಳ ಸಾಲು, ಒಂದೊಂದು ಹಕ್ಕಿಗೂ ಒಂದು ಕಪ್ಪು ಕಣ್ಣು. ಇಂಥ ಕೆಲಸ ಮಾಡುವ ಕೈ ನಮ್ಮೂರಿನಲ್ಲಿ ಇಲ್ಲ, ದೊಮಿತಿಲಾಳ ಅತ್ತೆ ಇದನ್ನು ನೋಡಿದ್ದರೆ ಅವಳ ಬಾಯಿ ಮುಚ್ಚುತ್ತಿತ್ತು. ಪಕ್ಕದಲ್ಲಿ ಚಿಕ್ಕ ಮಗ್ಗದ ಕಡ್ಡಿಗಳು, ಎಳೆ ಬಡಿಯುವ ಮೂಳೆ. ಟಕ್ ಟಕ್ ಏನೆಂದು ಆಗ ತಿಳಿಯಿತು.

"ನಾನೇ ನೇಯ್ದೆ" ಎಂದಳು ಬೆನಿತಾ. "ನೂಲು ಸುತ್ತಿದ್ದೂ ನಾನೇ, ಹಾಸು ಹೂಡಿದ್ದೂ ನಾನೇ. ಅತ್ತೆ ನನ್ ಮದುವೆಗೆ ಮುಂಚೇನೇ ಸತ್ತವ್ಳೆ. ಕಟ್ಟಕ್ಕೆ ಪಟ್ಟಿ ಇಲ್ದೆ ಹೆಂಗೆ ಹೆರ್ಲಿ ಅಕ್ಕ? ಈಗ ಕೂಸಿನ ಕೊರಳಿಗೆ ಸುತ್ಕಂಡೈತೆ. ಅದಕ್ಕೇ ಬತ್ತಿಲ್ಲ."

ನನಗೂ ಹೆದರಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು, ನೇಯ್ದಳೆಂದಲ್ಲ, ಗೋಡೆಗೆ ಕಿವಿಯಿಟ್ಟುಕೊಂಡೇ ಕೂತಿದ್ದ ನನ್ನಂಥವಳನ್ನು ಕೇಳದೆ ಹೋದಳಲ್ಲ ಎಂದು. ಒಂದು ಮಾತು ಕೇಳಿದ್ದರೆ ನನ್ನ ಈ ಗಂಟುಕೈಯಲ್ಲೇ ನೇಯ್ದು ಕೊಡುತ್ತಿರಲಿಲ್ಲವೆ?

ಯೊಲಾಂದಾ ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಯಂತ್ರವನ್ನು ಹೊಟ್ಟೆಗೆ ಹಿಡಿದು ಕೂಸಿನ ಎದೆಬಡಿತ ಕೇಳಿಸಿದಳು. ಕೋಣೆಯ ತುಂಬ ದಡದಡ ಸದ್ದು ತುಂಬಿತು.

"ಕೇಳಿಸ್ತಾ? ಮಗು ಗಟ್ಟಿಯಾಗಿದೆ ಬೆನಿತಾ. ಹೆದರಿರೋದು ನೀವು."

"ಈಗ ಓಡ್ತಾ ಐತೆ. ಆಮೇಲೆ?"

ಯೊಲಾಂದಾ ನನ್ನ ಕಡೆ ತಿರುಗಿದಳು. "ತೊಮಾಸಮ್ಮ, ಹೀಗಾದ್ರೆ ನಿಮ್ಮಲ್ಲಿ ಏನು ಮಾಡ್ತಾರೆ?"

"ಸುತ್ತಿದ ಕೈಯೇ ಬಿಚ್ಚಬೇಕು."

"ಹಾಗಾದ್ರೆ ಬಿಚ್ಚಲಿ. ನಡೀತಾ ಬಿಚ್ಚಲಿ, ಎರಡೂ ಆಗುತ್ತೆ."

ಬೆನಿತಾ ಪಟ್ಟಿಯನ್ನು ನೋಡುತ್ತಾ ನಿಂತಳು. ಆಮೇಲೆ ಹಲ್ಲಿನಲ್ಲಿ ತುದಿಯ ಗಂಟು ಕಚ್ಚಿ ಬಿಡಿಸಿದಳು. ಅವಳು ಎಳೆ ಎಳೆಯುತ್ತಾ ನಡೆದಳು, ನಾನು ಇನ್ನೊಂದು ತುದಿ ಹಿಡಿದು ಹಿಂದೆ ನಡೆದೆ. ಮೊದಲನೆಯ ಹಕ್ಕಿಯ ಕಣ್ಣು ಹೋಯಿತು, ರೆಕ್ಕೆ ಹೋಯಿತು, ಕೊಕ್ಕು ಹೋಯಿತು. ಹೊಟ್ಟೆಯಲ್ಲಿ ಕೂಸು, ಕೈಯಲ್ಲಿ ಮಗ್ಗ, ಮಾತಿಗೆ ಕೋಳಿ, ಹಾಗೆ ಕೂತು ಅವಳು ಒಂದೊಂದೇ ಕೂರಿಸಿದ ಹಕ್ಕಿಗಳು. ನನಗೆ ಅಳು ಬಂತು, ಮೂಗು ಒರೆಸಿಕೊಂಡು ಹೊಗೆಯ ಮೇಲೆ ಹಾಕಿದೆ. ಅವಳು ಅಳಲಿಲ್ಲ. ನೂಲು ಹಿಡಿದ ಅವಳ ಬೆರಳುಗಳು ಹೇಗೆ ಆಡುತ್ತಿದ್ದವೆಂದರೆ, ಇಷ್ಟು ದಿನ ಬೇರೆ ಯಾರದೋ ಆಗಿದ್ದ ಕೈ ಅವಳಿಗೆ ವಾಪಸು ಬಂದ ಹಾಗಿತ್ತು. ಅರ್ಧ ಪಟ್ಟಿ ಬಿಚ್ಚುವಷ್ಟರಲ್ಲಿ ಕೈ ಬೆಚ್ಚಗಾಗಿತ್ತು. ಕೊನೆಯ ಕೆಲವು ಹಕ್ಕಿಗಳು ಉಳಿದಿರುವಾಗ ಅವಳು ನಿಂತು, ಗೋಡೆಗೆ ಹಣೆ ಒತ್ತಿ, ಉದ್ದವಾಗಿ ಉಸಿರು ಬಿಟ್ಟಳು. ನೋವು ಮರಳಿ ಬಂದಿತ್ತು.

ಪೂರ್ತಿ ಬಿಚ್ಚಿ ಮುಗಿಸಿಯೇ ಅವಳು ಹಗ್ಗ ಹಿಡಿದಳು. ಕುರಿ ಚರ್ಮದ ಮೇಲೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಗಲೂ ಬಾಯಿ ಬಿಟ್ಟು ಕೇಳಲಿಲ್ಲ ಪುಣ್ಯಾತ್ಗಿತ್ತಿ.

"ಬಾಗಿಲು ಬಂದು ನಿನ್ನ ತಬ್ಕೊಳ್ಳಲ್ಲ ಕಣೆ" ಎಂದು ನಾನೇ ಹೋಗಿ ಹಿಂದೆ ಕೂತೆ. ಮೊಣಕಾಲು ಸೊಂಟಕ್ಕೆ ಒತ್ತಿ ಕಂಕುಳಡಿ ಕೈ ಹಾಕಿದೆ. ಅವಳು ಹಗ್ಗಕ್ಕೇ ನೇತಾಡುತ್ತಿದ್ದಳು, ನನ್ನ ಮೇಲೆ ಭಾರ ಬಿಡಲಿಲ್ಲ.

"ಬಿಡೇ ಭಾರಾನ."

"ನಿಮಗೆ ತಡಿಯಕ್ಕಾಗಲ್ಲ ಅಕ್ಕ."

"ಸೂಪಿನ ಹಂಡೆ ಎತ್ತಿ ಎತ್ತಿ ಬಲಿತಿರೋ ತೊಡೆ ಇವು. ನೀನೇನು ಮಹಾ ಭಾರ. ಬಿಡು."

ಒಂದು ನೋವು ಹೋಯಿತು, ಇನ್ನೊಂದು ಬಂತು. ಅದರ ನಡುವೆ ಎಲ್ಲೋ ಅವಳು ಬಿಟ್ಟಳು. ಅಷ್ಟೂ ಭಾರ ನನ್ನ ಎದೆಯ ಮೇಲೆ ಬಂತು. ನನ್ನ ಬೆನ್ನು ಗೋಡೆಗೆ ತಾಗಲಿಲ್ಲ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಆದರೆ ಹೆದರಿಕೆ ಇಲ್ಲವೆಂದು ಬೆನ್ನಿನಿಂದಲೇ ಗೊತ್ತಾಯಿತು.

ಹೆಣ್ಣು ಮಗು. ಕೊರಳಿಗೆ ಏನೂ ಸುತ್ತಿರಲಿಲ್ಲ. ಕೂಸನ್ನು ಎದೆಗೆ ಹಾಕಿಕೊಂಡು ಬೆನಿತಾ ಅದರ ಕೊರಳನ್ನು ಬೆರಳಿನಿಂದ ಸುತ್ತಲೂ ಮುಟ್ಟಿ ಮುಟ್ಟಿ ನೋಡಿದಳು.

ಮಾಸು ಬಿದ್ದ ಮೇಲೆ ನಡು ಕಟ್ಟಬೇಕಲ್ಲ. ನೆಲದ ಮೇಲೆ ನೂಲಿನ ಗುಡ್ಡೆ ಬಿದ್ದಿತ್ತು. ನಾನು ಪಾವಡೆಗಳೊಳಗೆ ಕೈ ಹಾಕಿ ನನ್ನ ಪಟ್ಟಿ ಬಿಚ್ಚಿದೆ. ನನ್ನ ಚೊಚ್ಚಲಿಗೆ ಅವ್ವ ನೇಯ್ದದ್ದು, ಅಂದಿನಿಂದ ದಿನಾ ಕಟ್ಟಿಕೊಳ್ಳುತ್ತಿದ್ದದ್ದು. ಬಣ್ಣವೆಲ್ಲ ಹೋಗಿದೆ, ಬಿಗಿ ಹೋಗಿಲ್ಲ. ಅದನ್ನೇ ಬೆನಿತಾಳ ನಡುವಿಗೆ ಸುತ್ತಿ ಕಟ್ಟಿದೆ. ನನ್ನ ಪಾವಡೆ ಜಾರಿ ಬೀಳದ ಹಾಗೆ ಆಲೂಗಡ್ಡೆ ಮೂಟೆಯ ಹುರಿ ಕಟ್ಟಿಕೊಂಡೆ. ಯೊಲಾಂದಾಗೆ ನಗು ತಡೆಯಲಾಗಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ರೇಡಿಯೋದವರ ಹತ್ತಿರ ಹೋದೆ. ಹಿಲಾರಿಯೊಗೆ ಸಂದೇಶ: ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ.

"ಯಾರಿಂದ?" ಎಂದ ಕಿಟಕಿಯಲ್ಲಿ ಕೂತವನು.

"ತೊಮಾಸಾ."

"ಅವ್ರಿಗೆ ನೀವು ಏನಾಗ್ಬೇಕು?"

"ಏನೂ ಇಲ್ಲ" ಎಂದೆ. "ಸೂಪು ಮಾರೋಳು ಅಂತ ಹಾಕು."

ಹಾಗೆಯೇ ಓದಿದರು, ಎರಡೆರಡು ಸಲ. ಆ ಕಡೆಯಿಂದ ಉತ್ತರ ಬರಲಿಲ್ಲ. ಬೆನಿತಾ ಕೂಸಿಗೆ ಹಾಲೂಡುತ್ತಾ ಕೇಳುತ್ತಿದ್ದಳು, ಈಗ "ನಾಳೆ" ಎನ್ನುತ್ತಿರಲಿಲ್ಲ. ಕೋಳಿ ಸೂಪಾಯಿತು. ಮೈ ಗಟ್ಟಿಯಾದ ಮೇಲೆ ಒಂದು ಭಾನುವಾರ ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಬಿಚ್ಚಿದ ನೂಲನ್ನು ಉಂಡೆ ಮಾಡಿ ಚೀಲಕ್ಕೆ ಹಾಕಿಕೊಂಡು ಲಾರಿ ಹತ್ತಿದಳು. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. "ಹೋಗ್ಬತ್ತೀನಿ ಅಕ್ಕ" ಎಂದಳು. "ಹೋಗು, ಲಾರಿ ನಿಂಗೋಸ್ಕರ ಕಾಯಲ್ಲ" ಎಂದೆ. ಬೇರೆ ಏನಾದರೂ ಹೇಳಬಹುದಿತ್ತು.

ಕಾಯುವ ಮನೆಗೆ ಬೀಗ ಹಾಕಿ ಬಂದು ಅಡುಗೆಮನೆಯಲ್ಲಿ ಕೂತೆ. ಗೋಡೆಯಾಚೆ ಸದ್ದಿಲ್ಲ. ಇಷ್ಟು ವರ್ಷ ಹಾಗೆಯೇ ಇದ್ದ ಗೋಡೆ, ಈಗ ಅದನ್ನು ನೋಡಿದರೆ ಬೇಸರವಾಗುತ್ತಿತ್ತು. ಬೇರೆ ಬಸುರಿಯರು ಬಂದರು, ಹೆತ್ತರು, ಹೋದರು, ಎಲ್ಲರಿಗೂ ಜನವಿತ್ತು. ಪಟ್ಟಿಯಿಲ್ಲದ ನಡು ಸಂಜೆ ಹೊತ್ತಿಗೆ ನೋಯುತ್ತಿತ್ತು. ಹೊಸದು ನೇಯ್ದುಕೊಳ್ಳೋಣ ಎಂದುಕೊಂಡು ನಾನು ಮಗ್ಗ ಹೂಡಲೇ ಇಲ್ಲ.

ಮಳೆ ಶುರುವಾದ ಒಂದು ನಸುಕಿನಲ್ಲಿ ಒಲೆಗೆ ಸೌದೆ ಇಟ್ಟು ರೇಡಿಯೋ ಹಾಕಿದೆ. ನನಗೆ ಯಾರೂ ಸಂದೇಶ ಕಳಿಸುವವರಿಲ್ಲ. ಜೀವಮಾನವೆಲ್ಲ ಕೇಳಿದ್ದು ಬೇರೆಯವರ ಹಸು, ಬೇರೆಯವರ ಸಾವು, ಬೇರೆಯವರ ಗಂಡಂದಿರು. ಊದುಕೊಳವೆ ತುಟಿಗೆ ಇಟ್ಟುಕೊಂಡಿದ್ದೆ.

"ಕಾಯುವ ಮನೆಯ ಪಕ್ಕದ ತೊಮಾಸಾಗೆ" ಎಂದಿತು ರೇಡಿಯೋ. "ಅವರ ಮಗಳು ಬೆನಿತಾಳಿಂದ. ಕೂಸು ಹೊರಳಾಡುತ್ತಿದೆ. ಬಿಚ್ಚಿದ ನೂಲಿನಲ್ಲೇ ಮತ್ತೆ ಪಟ್ಟಿ ನೇಯ್ದಿದ್ದೇನೆ, ಅವ್ವನ ನಡುವಿಗೆ. ಭಾನುವಾರದ ಲಾರಿಗೆ ತರುತ್ತೇನೆ. ಅಲ್ಲಿಯವರೆಗೆ ಥಂಡಿ ತಾಗಿಸಿಕೊಳ್ಳಬಾರದು."

ಕೇಳಿದೆಯಾ ಎಂದು ಯಾರನ್ನಾದರೂ ಕೇಳಬೇಕೆನ್ನಿಸಿತು. ಮನೆಯಲ್ಲಿ ಗಿನಿ ಹಂದಿಗಳ ಹೊರತು ಯಾರೂ ಇರಲಿಲ್ಲ, ಅವು ಹುಲ್ಲು ತಿನ್ನುತ್ತಿದ್ದವು. ಒಲೆ ಆರುತ್ತಾ ಬಂತು. ಎರಡನೆಯ ಸಲ ಓದಿ ಮುಗಿಸುವವರೆಗೆ ನಾನು ಊದಲಿಲ್ಲ.